ಅರ್ಧ ಟಿಕೆಟ್ಟಿಗೆ ನಾಲ್ಕು ಸೆಂಟಿಮೀಟರ್ ಬಾಕಿ

ಒಂದನೇ ತರಗತಿಯ ಮೇಷ್ಟ್ರನ್ನು ಬೀದಿಯವರು ಅಂದಾಜು ಮೇಷ್ಟ್ರು ಎಂದು ಕರೆಯುತ್ತಿದ್ದರು. ಯಾರೂ ಗೇಲಿಗೆಂದು ಇಟ್ಟ ಹೆಸರಲ್ಲ ಅದು, ತಾನಾಗಿ ಬಂದು ಅಂಟಿಕೊಂಡದ್ದು. ಗಂಟೆ ಎಷ್ಟೆಂದು ಕೇಳಿದರೆ ಅವರು ಕೈಗಡಿಯಾರ ನೋಡಿಕೊಂಡೇ "ಅಂದಾಜು ನಾಲ್ಕು" ಎನ್ನುತ್ತಿದ್ದರು. ವಯಸ್ಸು ಕೇಳಿದರೂ ಅಂದಾಜೇ. ಮದುವೆಯಾದ ಹೊಸದರಲ್ಲಿ ಕಿಟಕಿಗೆ ಪರದೆ ಬೇಕೆಂದು ಹೆಂಡತಿ ಹೇಳಿದಾಗ ಕಣ್ಣಳತೆಯಲ್ಲೇ ಬಟ್ಟೆ ತಂದರು. ಆ ಪರದೆ ಇವತ್ತಿಗೂ ಮುಕ್ಕಾಲು ಕಿಟಕಿಗೆ ಬಂದು ನಿಂತುಬಿಡುತ್ತದೆ. ಹಾಗಾಗಿ ಎದುರುಮನೆಯವರಿಗೆ ಇವರ ಮನೆಯಲ್ಲಿ ಓಡಾಡುವ ಪಾದಗಳೆಲ್ಲ ಪರಿಚಯ.

ಇಂಥವರಿಗೆ ಅಳತೆಯ ಪಾಠ ಬಂದದ್ದು ಹೀಗೆ. ಇನ್ನು ಮುಂದೆ ಚಿಕ್ಕ ಮಕ್ಕಳು ಅಳತೆಯನ್ನು ಬಾಯಿಪಾಠ ಮಾಡಬಾರದು, ತರಗತಿಯಲ್ಲಿ ಕೈಗೆ ಸಿಗುವ ಸಾಮಾನುಗಳನ್ನು ಅಳೆದು, ಎತ್ತಿ, ಸುರಿದು ಕಲಿಯಬೇಕು ಎಂದು ಮೇಲಿನಿಂದ ಆದೇಶ ಬಂತು. ಹೆಡ್‌ಮಿಸ್ ಅದನ್ನು ಓದಿ, ಕನ್ನಡಕ ಇಳಿಸಿ, ಅಂದಾಜು ಮೇಷ್ಟ್ರ ಕಡೆ ನೋಡಿದರು.

"ನೀವೇ ಶುರು ಮಾಡಿ ಮೇಷ್ಟ್ರೇ."

"ನಾನಾ ಮೇಡಂ?"

"ನಿಮ್ಮ ಮಕ್ಕಳು ಚಿಕ್ಕವರು. ತಪ್ಪಾದ್ರೂ ಚಿಕ್ಕ ತಪ್ಪೇ ಆಗುತ್ತೆ."

ಹೆಡ್‌ಮಿಸ್ ಅವರ ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅವರು ಆಮೇಲೆ ಇಟ್ಟುಕೊಳ್ಳಲಿಲ್ಲ.

ಶಾಲೆಯಲ್ಲಿ ಮೀಟರ್ ಕೋಲು ಇದ್ದದ್ದು ಒಂದೇ. ಅಳೆಯುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವನ್ನೂ ಅದು ಮಾಡುತ್ತಿತ್ತು. ಎತ್ತರದ ಕಿಟಕಿಯ ಚಿಲಕ ತೆಗೆಯುತ್ತಿತ್ತು, ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ಒತ್ತು ಕೊಡುತ್ತಿತ್ತು, ಸಜ್ಜೆಯ ಮೇಲೆ ಸಿಕ್ಕಿಕೊಂಡ ಚೆಂಡನ್ನು ಇಳಿಸುತ್ತಿತ್ತು. ಹೀಗೆ ದುಡಿದು ದುಡಿದು ಅದರ ಒಂದು ತುದಿ ಸೀಳುಬಿಟ್ಟು ಸಿಬಿರು ಎದ್ದಿತ್ತು. ಮಕ್ಕಳ ಕೈಗೆ ಚುಚ್ಚೀತು ಎಂದು ಮೇಷ್ಟ್ರಿಗೆ ಸಂಕಟವಾಯಿತು. ಕೋಲನ್ನು ಮನೆಗೆ ತಂದು, ಪಕ್ಕದ ಮನೆಯಿಂದ ಗರಗಸ ಎರವಲು ಪಡೆದು, ಸೀಳು ಎಲ್ಲಿಯವರೆಗೆ ಇತ್ತೋ ಅಲ್ಲಿಗೆ, ಅಂದರೆ ನಾಲ್ಕರ ಗೆರೆಗೆ ಸರಿಯಾಗಿ, ಕತ್ತರಿಸಿದರು. ಉಜ್ಜುಕಾಗದ ಹಾಕಿ ಉಜ್ಜಿದರು. ಜೀವಮಾನದಲ್ಲಿ ಅವರು ಮಾಡಿದ ಒಂದೇ ಒಂದು ನೆಟ್ಟಗಿನ ಕೆಲಸ ಅದು.

ಸೊನ್ನೆ, ಒಂದು, ಎರಡು, ಮೂರು ಇದ್ದ ತುಂಡು ಕೆಳಗೆ ಬಿತ್ತು. ಅದನ್ನೂ ಅವರು ವ್ಯರ್ಥ ಮಾಡಲಿಲ್ಲ. ಮಲಗುವ ಕೋಣೆಯ ಬೀರುವಿನ ಒಂದು ಕಾಲು ಗಿಡ್ಡವಾಗಿ, ಬಾಗಿಲು ತೆಗೆದಾಗಲೆಲ್ಲ ಬೀರು ಮುಂದಕ್ಕೆ ಬಂದು ಹೆಂಡತಿಗೆ ನಮಸ್ಕಾರ ಮಾಡುತ್ತಿತ್ತು. ತುಂಡನ್ನು ಅದರ ಕೆಳಗೆ ತೂರಿಸಿದರು. ಬೀರು ನೆಟ್ಟಗೆ ನಿಂತಿತು.

ಕೋಲು ಗಿಡ್ಡವಾಯಿತಲ್ಲ ಎಂಬ ಯೋಚನೆ ಅವರಿಗೆ ಬರಲಿಲ್ಲವೆಂದಲ್ಲ. ಬಂತು. ಆದರೆ ನೂರು ಎಂದು ಬರೆದ ಕಡೆ ನೂರೇ ಇತ್ತು, ಐವತ್ತು ಎಂದು ಬರೆದ ಕಡೆ ಐವತ್ತೇ. ತಲೆ ಸರಿಯಾಗಿದ್ದರೆ ಕಾಲು ಸ್ವಲ್ಪ ಸವೆದರೇನಂತೆ ಎಂದುಕೊಂಡರು. ನಮ್ಮಲ್ಲಿ ಎಷ್ಟೋ ಸಂಸಾರಗಳು ಇದೇ ಧೈರ್ಯದ ಮೇಲೆ ನಡೆಯುತ್ತಿರುವುದರಿಂದ ಮೇಷ್ಟ್ರನ್ನೊಬ್ಬರನ್ನೇ ದೂರುವ ಹಾಗಿಲ್ಲ.

ಪಾಠ ಬಹಳ ಚೆನ್ನಾಗಿ ನಡೆಯಿತು. ಪೇಪರ್ ಕ್ಲಿಪ್ಪು ಹೆಚ್ಚುಕಡಿಮೆ ಒಂದು ಗ್ರಾಂ ಎಂದಾಗ ಮಕ್ಕಳು ಅದನ್ನು ಉಸಿರು ಬಿಗಿಹಿಡಿದು ಅಂಗೈಯಲ್ಲಿ ಹೊತ್ತರು. ದಪ್ಪ ನಿಘಂಟು ಒಂದು ಕಿಲೋ ಎಂದಾಗ, ಇಷ್ಟು ಮಾತು ಸೇರಿದರೆ ಬರೀ ಒಂದು ಕಿಲೋನಾ ಎಂದು ಒಬ್ಬ ಕೇಳಿದ. ನೀರಿನ ದೊಡ್ಡ ಬಾಟಲಿ ಒಂದು ಲೀಟರ್. ಅದನ್ನು ಸುರಿದು ನೋಡಿದ್ದರಿಂದ ಮುಂದಿನ ಸಾಲಿನ ಬೆಂಚು ಒದ್ದೆಯಾಯಿತು. ಆಮೇಲೆ ಉದ್ದ. ಕಿರುಬೆರಳಿನ ಉಗುರಿನ ಅಗಲ ಅಂದಾಜು ಒಂದು ಸೆಂಟಿಮೀಟರ್ ಎಂದು ಮೇಷ್ಟ್ರು ಹೇಳಿದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಉಗುರನ್ನು ಕೋಲಿನ ತುದಿಗೆ ಹಿಡಿದು ನೋಡಿದಳು.

"ಸರ್, ನಂದು ಐದಿದೆ."

"ಉಗುರು ಕತ್ತರಿಸೇ ಇಲ್ಲ ನೀನು. ನಾಳೆ ಕತ್ತರಿಸ್ಕೊಂಡು ಬಾ."

ಡಸ್ಟರು, ಸೀಮೆಸುಣ್ಣ, ಕಸದ ಬುಟ್ಟಿ, ಎಲ್ಲವೂ ಆ ದಿನ ತಮ್ಮ ಯೋಗ್ಯತೆಗಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು ಉದ್ದವಾದವು. ಕೊನೆಗೆ ಮಕ್ಕಳ ಸರದಿ. ಒಬ್ಬೊಬ್ಬರನ್ನೇ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದರು. ಹೆಚ್ಚಿನವರು ಕೋಲಿಗಿಂತ ಎತ್ತರ. ಕೋಲನ್ನು ಒಮ್ಮೆ ಇಟ್ಟು ಗೆರೆ ಎಳೆದು, ಗೆರೆಯ ಮೇಲೆ ಮತ್ತೊಮ್ಮೆ ಇಡಬೇಕಾಗುತ್ತಿತ್ತು. ಒಮ್ಮೆ ಇಟ್ಟರೆ ನಾಲ್ಕು ಲಾಭ, ಎರಡು ಸಲ ಇಟ್ಟರೆ ಎಂಟು.

ಎಲ್ಲರಿಗಿಂತ ಕೊನೆಗೆ ಬಂದದ್ದು ತರಗತಿಯ ಅತಿ ಕುಳ್ಳಗಿನ ಹುಡುಗಿ. ಸಣ್ಣಗೆ, ನೆಟ್ಟಗೆ, ಮುಟ್ಟಿದರೆ ಚುಚ್ಚುವ ಹಾಗೆ ಇದ್ದುದರಿಂದ ಅವಳಿಗೆ ಗುಂಡುಸೂಜಿ ಎಂದು ಹೆಸರು. ಅವಳು ಚಪ್ಪಲಿ ಬಿಚ್ಚಿ, ಬೆನ್ನು ಒತ್ತಿ ನಿಂತಳು. ಕೋಲಿನ ಮೇಲ್ತುದಿ ಅವಳ ನೆತ್ತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

"ಒಂದು ಮೀಟರ್," ಎಂದರು ಮೇಷ್ಟ್ರು.

ಉಳಿದ ಮಕ್ಕಳು ನಕ್ಕರು. ಗುಂಡುಸೂಜಿ ನಗಲಿಲ್ಲ.

"ಪೂರ್ತಿನಾ ಸರ್?"

"ಪೂರ್ತಿ."

"ಅಂದಾಜಾ?"

ಮೇಷ್ಟ್ರು ಕೋಲನ್ನು ಮತ್ತೆ ನೋಡಿದರು. ನೂರು. ಅವಳ ಕಣ್ಣು ಅವರ ಮುಖ ಬಿಟ್ಟು ಕದಲಲಿಲ್ಲ. ಯಾವತ್ತೂ ಯಾರೂ ಅವರ ಉತ್ತರಕ್ಕಾಗಿ ಅಷ್ಟು ಆಸೆಯಿಂದ ಕಾದಿರಲಿಲ್ಲ.

"ಅಂದಾಜಲ್ಲ ಕಣಮ್ಮ. ಖಚಿತ."

ಆ ಪದವನ್ನು ಅವರು ಆಡಿದ್ದು ಅದೇ ಮೊದಲು. ಅವಳು ಅಂಗೈ ಚಾಚಿದಳು. ಮೇಷ್ಟ್ರು ಪೆನ್ನು ತೆಗೆದು ಅದರ ಮೇಲೆ "1 ಮೀ." ಎಂದು ಬರೆದುಕೊಟ್ಟರು.

ಶಾಲೆ ಬಿಟ್ಟ ಮೇಲೆ ಗುಂಡುಸೂಜಿ ದಿನವೂ ಅಜ್ಜಿಯ ಜೊತೆ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದಳು. ಬಸ್ಸಿನ ಬಾಗಿಲ ಬಳಿಯ ಕಂಬದ ಮೇಲೆ ಒಂದು ಕೆಂಪು ಗೆರೆ ಇದೆ. ಗೆರೆ ನೆಲದಿಂದ ಒಂದು ಮೀಟರ್. ಅದಕ್ಕಿಂತ ಕೆಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಗೆರೆ ಮುಟ್ಟಿದರೆ ಅರ್ಧ ಟಿಕೆಟ್. ಈ ಗೆರೆಯ ಎದುರು ನಿಂತಾಗ ಲೋಕದ ತಾಯಂದಿರೆಲ್ಲ ತಮ್ಮ ಮಕ್ಕಳು ಬೆಳೆಯದಿರಲಿ ಎಂದು ಬೇಡಿಕೊಳ್ಳುತ್ತಾರೆ. ಅಜ್ಜಿಯಂತೂ, ಮೊಮ್ಮಗಳು ಗೆರೆಯ ಹತ್ತಿರಕ್ಕೂ ಬಾರದಿದ್ದ ಕಾಲದಿಂದ ಮುಂಜಾಗ್ರತೆಯಾಗಿ "ಮಂಡಿ ಬಗ್ಗಿಸೆ" ಎಂದು ಅಭ್ಯಾಸ ಮಾಡಿಸಿಟ್ಟಿದ್ದಳು.

"ಅಜ್ಜಿ, ಎಂದಿನ ಹಾಗೆ ಒಂದು ಫುಲ್ಲು," ಎಂದ ಕಂಡಕ್ಟರು.

"ಒಂದು ಫುಲ್ಲು, ಒಂದು ಅರ್ಧ," ಎಂದಳು ಗುಂಡುಸೂಜಿ.

ಅಜ್ಜಿ ಅವಳ ಭುಜ ಒತ್ತಿದಳು. "ಮಂಡಿ ಬಗ್ಗಿಸೆ."

"ಬಗ್ಗಿಸಲ್ಲ. ನಾನು ಒಂದು ಮೀಟರ್. ನೋಡು, ಮೇಷ್ಟ್ರು ಬರೆದುಕೊಟ್ಟಿದ್ದಾರೆ."

ಕಂಡಕ್ಟರು ಅಂಗೈ ನೋಡಿದ. ಅವಳನ್ನು ಕಂಬಕ್ಕೆ ನಿಲ್ಲಿಸಿದ. ನೆತ್ತಿ ಕೆಂಪು ಗೆರೆಗಿಂತ ಎರಡು ಬೆರಳು ಕೆಳಗೇ ಇತ್ತು.

"ಇನ್ನೂ ಆಗಿಲ್ಲಮ್ಮ. ಹೋಗಿ ಕೂತ್ಕೊ."

"ನಿಮ್ಮ ಗೆರೆ ತಪ್ಪು."

ಬಸ್ಸಿನಲ್ಲಿ ಇದ್ದವರು ತಕ್ಷಣ ಎರಡು ಪಕ್ಷವಾದರು. ಮೇಷ್ಟ್ರು ಬರೆದುಕೊಟ್ಟ ಮೇಲೆ ಮುಗೀತು, ಓದಿದವರು ಎಂದು ಒಬ್ಬರು. ಓದಿದವರೇ ಆದರೆ ಕೈ ಮೇಲೆ ಯಾಕೆ ಬರೀತಾರೆ ಎಂದು ಇನ್ನೊಬ್ಬರು. ತರಕಾರಿ ಚೀಲ ಹಿಡಿದಿದ್ದ ಒಬ್ಬಾಕೆ, ಹೋದ ಸಲ ಬಣ್ಣ ಬಳಿದಾಗ ಗೆರೆಯನ್ನು ಮೇಲಕ್ಕೆ ಎಳೆದಿರಬಹುದು ಎಂದಳು. "ಮೇಲಕ್ಕೆ ಎಳೆದ್ರೆ ಅವರಿಗೇ ನಷ್ಟ ಅಲ್ವೇನಮ್ಮ" ಎಂದು ಹಿಂದಿನ ಸೀಟಿನವರು ಕೇಳಿದ್ದಕ್ಕೆ, "ಅವರಿಗೆ ಅಷ್ಟು ಬುದ್ಧಿ ಇದ್ದಿದ್ರೆ ಈ ಬಸ್ಸು ಯಾಕೆ ಹೀಗಿರ್ತಿತ್ತು" ಎಂದಳು. ಮುಂದಿನಿಂದ ಡ್ರೈವರು ಕೂಗಿದ.

"ಏನಪ್ಪಾ ಅಲ್ಲಿ, ಹೆರಿಗೆನಾ?"

"ಅರ್ಧ ಟಿಕೆಟ್ಟಂತೆ ಕಣಣ್ಣ."

"ಕೊಡಲ್ಲ ಅಂತಾರಾ? ಇಳಿಸು."

"ಅಲ್ಲ. ಕೊಡಲೇಬೇಕು ಅಂತಾಳೆ."

ಡ್ರೈವರು ಎಂಜಿನ್ ನಿಲ್ಲಿಸಿ ಹಿಂತಿರುಗಿ ನೋಡಿದ. ಗುಂಡುಸೂಜಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಬಾಗಿಲು ಮುಚ್ಚುವ ಹಾಗಿಲ್ಲ, ಬಸ್ಸು ಹೊರಡುವ ಹಾಗಿಲ್ಲ.

"ನನ್ನ ಸರ್ವೀಸಿನಲ್ಲಿ ಟಿಕೆಟ್ಟು ಬೇಡ ಅಂತ ಜಗಳ ಆಡಿದವರನ್ನೇ ನೋಡಿದ್ದು," ಎಂದ ಕಂಡಕ್ಟರು, ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತು. "ಯಾಕಮ್ಮ ತಾಯಿ ನಿನಗೆ ಟಿಕೆಟ್ಟು?"

"ನಮ್ಮಪ್ಪ ಬರಬೇಕು."

ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, ಯಾರಿಗೋ ಹೇಳುವವಳಂತೆ ಹೇಳಿದಳು. ಅವಳ ಮಗ ದೂರದಲ್ಲಿ ಬೆಟ್ಟ ಕೊರೆದು ಸುರಂಗ ಮಾಡುವ ಕಡೆ ಯಂತ್ರ ಓಡಿಸುತ್ತಾನೆ. ಹೊರಡುವ ದಿನ ಇದೇ ಬಸ್ಸಿನಲ್ಲಿ ಈ ಹುಡುಗಿ ಅವನ ಕಾಲು ಹಿಡಿದುಕೊಂಡು ಬಿಡಲಿಲ್ಲ. ಯಾವಾಗ ಬರ್ತೀಯ, ಯಾವಾಗ ಬರ್ತೀಯ ಎಂದು ಒಂದೇ ರಾಗ. ಅವನು ಈ ಗೆರೆ ತೋರಿಸಿ, ನೀನು ಇಲ್ಲಿಗೆ ಮುಟ್ಟಿ ಅರ್ಧ ಟಿಕೆಟ್ ಆದ ವಾರ ಬರ್ತೀನಿ ಎಂದ.

"ಮಾತಿಗೆ ಅಂದದ್ದು. ಅಳು ನಿಲ್ಲಿಸೋಕೆ. ಮಗು ಹಿಡ್ಕೊಂಡ್ಬಿಡ್ತು."

"ಅಂದ್ರೆ ಅಜ್ಜಿ," ಎಂದಳು ತರಕಾರಿ ಚೀಲದವಳು, "ನೀವು ದಿನಾ ಇವಳ ಮಂಡಿ ಬಗ್ಗಿಸಿ ಬಗ್ಗಿಸಿ ಮಗನ್ನ ಅಲ್ಲೇ ನಿಲ್ಲಿಸಿದ್ರಿ ಅನ್ನಿ."

ಅಜ್ಜಿ ಮಾತಿಗೆ ಮಾತು ಬಿಡುವವಳಲ್ಲ. ಆದರೆ ಈಗ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸತೊಡಗಿದಳು. ಕಂಡಕ್ಟರು ಎದ್ದು, ಯಂತ್ರ ತಿರುಗಿಸಿ, ಒಂದು ಅರ್ಧ ಟಿಕೆಟ್ ಹರಿದು ಹುಡುಗಿಯ ಕೈಗೆ ಕೊಟ್ಟ. ಬಸ್ಸು ಹೊರಟಿತು.

ಅಂದು ಸಂಜೆ ಗುಂಡುಸೂಜಿಯ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮುಂಚೆಯೇ ಫೋನು ಮಾಡಿಸಿದ್ದಾಯಿತು. ಆ ಕಡೆ ಯಂತ್ರದ ಸದ್ದು.

"ಅಪ್ಪ, ನಾನು ಅರ್ಧ ಟಿಕೆಟ್ ಆದೆ."

"ಏನಾದೆ?"

"ಅರ್ಧ ಟಿಕೆಟ್. ಮೇಷ್ಟ್ರು ಖಚಿತ ಅಂದ್ರು. ಕಂಡಕ್ಟರೂ ಕೊಟ್ರು. ಕೈಯಲ್ಲೇ ಇದೆ."

ಆ ಕಡೆಯವನು ಮರೆತಿರಬಹುದು ಎಂದು ಅಮ್ಮ ಅಂದುಕೊಂಡಿದ್ದಳು. ಅವನು ಫೋನು ಹಿಡಿದೇ ಎಲ್ಲಿಗೋ ನಡೆದುಹೋದ. ಯಂತ್ರದ ಸದ್ದು ದೂರವಾಯಿತು.

"ಇಷ್ಟು ಬೇಗ ಆಗ್ತೀಯ ಅಂದ್ಕೊಂಡಿರ್ಲಿಲ್ಲ ಪುಟ್ಟ," ಎಂದ. ಆಮೇಲೆ, "ಹಾಗಾದ್ರೆ ಬರಬೇಕಲ್ಲ."

ಅವನ ಮೇಲಿನವನು ಮೊದಲು ರಜೆ ಇಲ್ಲವೆಂದನಂತೆ. ಸುರಂಗ ದಿನಕ್ಕೆ ಇಷ್ಟು ಮೀಟರ್ ಮುಂದಕ್ಕೆ ಹೋಗಲೇಬೇಕು, ಕಾರಣ ಬೇಕು ಎಂದ. ಮಗಳು ಒಂದು ಮೀಟರ್ ಆಗಿದ್ದಾಳೆ ಎಂದು ಇವನು ಹೇಳಿದ. ಮೇಲಿನವನಿಗೂ ಎಲ್ಲೋ ಒಂದು ಊರಿನಲ್ಲಿ ಒಂದು ಮಗು ಇತ್ತು. ಭಾನುವಾರ ಒಂದು ದಿನ ಹೋಗಿ ಬಾ ಎಂದ.

ಸುದ್ದಿ ಬೀದಿಗೆ ಬಿತ್ತು. ಅಂದಾಜು ಮೇಷ್ಟ್ರು ಅಳೆದರೆ ಊರು ಬಿಟ್ಟವರು ಬರುತ್ತಾರೆ ಎಂದಾಯಿತು. ಮರುದಿನ ಸಂಜೆ ಮೇಷ್ಟ್ರ ಮನೆಯ ಬಾಗಿಲಲ್ಲಿ ಒಬ್ಬಾಕೆ ಮಗನನ್ನು ದರದರ ಎಳೆದುಕೊಂಡು ಬಂದು ನಿಂತಳು.

"ಮೇಷ್ಟ್ರೇ, ನಮ್ಮೆಜಮಾನ್ರೂ ದೂರದಲ್ಲಿದ್ದಾರೆ. ಇವನ್ನೂ ಸ್ವಲ್ಪ ಒಂದು ಮೀಟರ್ ಮಾಡಿಕೊಡಿ."

"ಮಾಡೋದಲ್ಲಮ್ಮ, ಅಳೆಯೋದು. ಇವನು ಆಗಲೇ ಮೀಟರ್ ದಾಟಿದ್ದಾನೆ."

"ದಾಟಿದ್ದಾನಾ?" ಆಕೆ ಹುಡುಗನನ್ನು ಮೇಲಿಂದ ಕೆಳಗೆ ನೋಡಿದಳು. "ನಾನು ನೋಡ್ಕೊಳ್ಳಲೇ ಇಲ್ಲ."

ಒಂದೂಕಾಲು ಮೀಟರಿಗೂ ಬರುವವರು ಇರಬಹುದು ಎಂದರು ಮೇಷ್ಟ್ರು. ಆಕೆ ತಲೆಯಾಡಿಸಿ, ಹುಡುಗನ ಕೈ ಈಗ ಮೆತ್ತಗೆ ಹಿಡಿದುಕೊಂಡು ಹೋದಳು.

ಹಿಂದಿನ ಬೀದಿಯ ನಿವೃತ್ತ ಪೋಸ್ಟ್‌ಮ್ಯಾನ್ ಬಂದು ತಮ್ಮನ್ನೂ ಅಳೆಯಬೇಕೆಂದರು. ವಯಸ್ಸಾಗಿ ಕುಗ್ಗಿದ್ದೇನೆಂದು ಡಾಕ್ಟರು ಹೇಳಿದ್ದಾರಂತೆ. ಮೇಷ್ಟ್ರು ಶಾಲೆಯ ಕೋಲನ್ನೇ ತಂದು ಎರಡು ಸಲ ಇಟ್ಟು ಸಂಖ್ಯೆ ಹೇಳಿದಾಗ ಅವರು ಗೋಡೆಗೆ ಒರಗಿಕೊಂಡೇ ಬಹಳ ಹೊತ್ತು ನಿಂತರು. "ನಮ್ಮ ಮನೆಯಾಕೆ ಇದ್ದಾಗ ನಾನು ಇಷ್ಟೇ ಇದ್ದೆ," ಎಂದರು. ಹೋಗುವಾಗ ಕೈಕೋಲನ್ನು ಮರೆತು ಬಿಟ್ಟುಹೋದರು.

ಶಾಲೆಯಲ್ಲಿ ಇದಕ್ಕಿಂತ ದೊಡ್ಡದೊಂದು ನಡೆದುಹೋಗಿತ್ತು. ಹೆಡ್‌ಮಿಸ್ ತಾವೂ ಒಮ್ಮೆ ಚೌಕಟ್ಟಿಗೆ ಒರಗಿ ನಿಂತರು. ನೂರ ಐವತ್ತೆರಡು ಸೆಂಟಿಮೀಟರಿನ ದುಃಖವನ್ನು ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಮುಚ್ಚಿಟ್ಟುಕೊಂಡು ಬಂದವರು ಅವರು. ಕೋಲು ನೂರ ಅರವತ್ತು ಎಂದಿತು. ಮಾರನೆಯ ದಿನ ಚಪ್ಪಟೆ ಚಪ್ಪಲಿ ಹಾಕಿಕೊಂಡು ಬಂದರು. ಒಂದನೇ ತರಗತಿಯ ಮಕ್ಕಳು ಹೋದ ತಿಂಗಳು ಆರೋಗ್ಯ ತಪಾಸಣೆಯವರು ಬರೆದ ಅಳತೆಗೂ ಈಗಿನ ಅಳತೆಗೂ ಸರಾಸರಿ ಎಂಟು ಸೆಂಟಿಮೀಟರ್ ಹೆಚ್ಚಿಗೆ ಬೆಳೆದಿದ್ದಾರೆಂದೂ, ಇದಕ್ಕೆ ಶಾಲೆಯ ಶಿಸ್ತೇ ಕಾರಣವೆಂದೂ ಮೇಲಿನವರಿಗೆ ತಿಳಿಸಿದರು. ಮೇಲಿನವರು ಸಂತೋಷಪಟ್ಟು, ಆ ಶಿಸ್ತು ಯಾವುದೆಂದು ನೋಡಲು ಸದ್ಯದಲ್ಲೇ ಬರುವುದಾಗಿ ಹೇಳಿದರು.

ಶನಿವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಬೀರುವಿನ ಕೆಳಗೆ ಗುಡಿಸುವಾಗ ಪೊರಕೆಗೆ ಏನೋ ಸಿಕ್ಕಿತು. ಎಳೆದಳು. ಬೀರು ಮುಂದಕ್ಕೆ ಬಾಗಿ ನಮಸ್ಕಾರ ಮಾಡಿತು.

"ರೀ, ಇದೇನು ಮರದ ಚೂರು? ಸೊನ್ನೆ, ಒಂದು, ಎರಡು, ಮೂರು ಅಂತ ಬರ್ದಿದೆ."

"ಅದಾ, ಮೀಟರ್ ಕೋಲಿನದು. ಬೀರು ಅಲುಗ್ತಿತ್ತಲ್ಲ."

"ಮತ್ತೆ ಆ ಕೋಲಿನಲ್ಲಿ ಮಕ್ಕಳು ಎಲ್ಲಿಂದ ಎಣಿಸ್ತಾರೆ?"

"ನಾಲ್ಕರಿಂದ," ಎಂದರು ಮೇಷ್ಟ್ರು. ಹಾಗೆ ಹೇಳಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಹೆಂಡತಿ ಪೊರಕೆ ಹಿಡಿದುಕೊಂಡೇ ನಿಂತಿದ್ದಳು. ಇಬ್ಬರ ನಡುವೆ ನಾಲ್ಕು ಸೆಂಟಿಮೀಟರಿನ ತುಂಡು. ಪರದೆಯ ವಿಷಯದಲ್ಲಿ ಇಷ್ಟು ವರ್ಷ ಬಾಯಿ ತುಂಬ ಬೈದವಳು ಈಗ ತುಂಡನ್ನು ಸೆರಗಿನಲ್ಲಿ ಒರೆಸಿ ಅವರ ಕೈಗಿಟ್ಟದ್ದು ಅವರನ್ನು ಹೆಚ್ಚು ಹೆದರಿಸಿತು.

"ನಾಳೆ ಆ ಹುಡುಗಿ ಅಪ್ಪ ಬರ್ತಿದ್ದಾನಲ್ವಾ," ಎಂದಳು.

ಮೇಷ್ಟ್ರು ತುಂಡನ್ನು ಜೇಬಿಗೆ ಹಾಕಿಕೊಂಡು ಶಾಲೆಗೆ ಓಡಿ ಹೆಡ್‌ಮಿಸ್ ಮೇಜಿನ ಮೇಲೆ ಇಟ್ಟರು. ಹೆಡ್‌ಮಿಸ್ ಅದನ್ನು ನೋಡಿದರು, ಕೋಲನ್ನು ನೋಡಿದರು, ತಮ್ಮ ಚಪ್ಪಟೆ ಚಪ್ಪಲಿಯನ್ನು ನೋಡಿಕೊಂಡರು.

"ಕೋಲು ಸರಿಯಾಗಿದೆ ಮೇಷ್ಟ್ರೇ."

"ನಾನೇ ಕತ್ತರಿಸಿದ್ದು ಮೇಡಂ."

"ಕೋಲು ಸರಿಯಾಗಿದೆ. ನೀವು ಸರಿಯಿಲ್ಲ. ಮಕ್ಕಳು ಎಂಟು ಸೆಂಟಿಮೀಟರ್ ಬೆಳೆದ್ರು ಅಂತ ಹೇಳಾಗಿದೆ. ಈಗ ಏನು, ತಿರುಗಿ ಕುಗ್ಗಿದ್ರು ಅನ್ನಲಾ?"

"ಅಂದಾಜಿಗೆ ಹೇಳಿದ್ವಿ ಅನ್ನಿ."

"ಶಾಲೆಯಲ್ಲಿ ಆ ಪದ ಆಡಬೇಡಿ," ಎಂದರು ಹೆಡ್‌ಮಿಸ್. "ಹೇಗೂ ಮಕ್ಕಳು ಬೆಳೀತಾ ಇರ್ತಾರೆ. ನಾವು ಸುಮ್ಮನಿದ್ರೆ ಅವರೇ ಬೆಳೆದು ಸರಿಹೋಗ್ತಾರೆ." ಆಮೇಲೆ ಮೆಲ್ಲಗೆ, "ನಾನೊಬ್ಬಳು ಸರಿಹೋಗಲ್ಲ," ಎಂದರು.

ಮೇಷ್ಟ್ರು ಭಾನುವಾರ ಬೆಳಿಗ್ಗೆ ಗುಂಡುಸೂಜಿಯ ಮನೆಗೆ ಹೋದರು. ಬೀದಿಯವರ ಅರ್ಧ ಜನ ಆಗಲೇ ಅಲ್ಲಿದ್ದರು. ಅಜ್ಜಿ ಅವರನ್ನು ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. "ಬನ್ನಿ ಮೇಷ್ಟ್ರೇ, ನಿಮ್ಮ ಬಾಯಿಂದ ಬಂದ ಮಾತು," ಎಂದು ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿದಳು. ಗುಂಡುಸೂಜಿಯ ಅಪ್ಪ ನೆಲದ ಮೇಲೆ ಕೂತಿದ್ದ. ಗಿಡ್ಡ ಮನುಷ್ಯ, ಕಿವಿಯ ಹಿಂದೆ ಕಲ್ಲಿನ ಪುಡಿ ಇನ್ನೂ ಹೋಗಿರಲಿಲ್ಲ. ಮಗಳು ಅವನ ತೊಡೆಯ ಮೇಲೆ ಕೂರದೆ ಪಕ್ಕದಲ್ಲಿ ನಿಂತಿದ್ದಳು. ನಿಂತರೆ ಎತ್ತರ ಕಾಣುತ್ತದೆ. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, ಒಂದು ಪಾತ್ರೆಯನ್ನು ಒರೆಸಿದ್ದನ್ನೇ ಒರೆಸುತ್ತ ಅವನನ್ನು ನೋಡುತ್ತಿದ್ದಳು. ಆ ಪಾತ್ರೆ ಅಷ್ಟು ಒಣಗಿದ್ದು ಅದೇ ಮೊದಲಿರಬೇಕು.

ಎಲ್ಲರಿಗೂ ಚಹಾ ಬಂತು. ಮೇಷ್ಟ್ರು ಕುಡಿಯಲಿಲ್ಲ.

"ನಾನೊಂದು ಮಾತು ಹೇಳಬೇಕು," ಎಂದರು. "ಕೋಲು ಗಿಡ್ಡ ಇತ್ತು."

"ಯಾವ ಕೋಲು?" ಎಂದಳು ಅಜ್ಜಿ.

ಮೇಷ್ಟ್ರು ಜೇಬಿನಿಂದ ತುಂಡು ತೆಗೆದರು. ಸೀಳಿದ್ದು, ಕತ್ತರಿಸಿದ್ದು, ಬೀರುವಿನ ಕಾಲು, ಎಲ್ಲವನ್ನೂ ಹೇಳಿದರು. ಪರದೆಯ ವಿಷಯವನ್ನು ಯಾರೂ ಕೇಳಿರಲಿಲ್ಲ, ಅದನ್ನೂ ಹೇಳಿದರು. "ಮಗು ಇನ್ನೂ ತೊಂಬತ್ತಾರು. ನಾಲ್ಕು ಕಡಿಮೆ. ನಾನು ಖಚಿತ ಅಂದ್ಬಿಟ್ಟೆ."

ಯಾರೋ ಚಹಾದ ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟರು. ಬಾಗಿಲಲ್ಲಿ ಇಣುಕುತ್ತಿದ್ದವರು ಇಣುಕುವುದನ್ನು ನಿಲ್ಲಿಸಿ ಪಕ್ಕಕ್ಕೆ ಸರಿದರು. ಅಪ್ಪ ತುಂಡನ್ನು ತೆಗೆದುಕೊಂಡು ಅಂಗೈ ಮೇಲೆ ತಿರುಗಿಸಿ ನೋಡಿದ.

"ಮೇಷ್ಟ್ರೇ," ಎಂದ. "ಇದು ಕೋಲಿನಲ್ಲೇ ಇದ್ದಿದ್ರೆ ನಾನು ಈಗ ಸುರಂಗದೊಳಗೆ ಇರ್ತಿದ್ದೆ."

ಅಷ್ಟರಲ್ಲಿ ಗುಂಡುಸೂಜಿ ಮೇಷ್ಟ್ರ ಕುರ್ಚಿಯ ಎದುರು ಬಂದು ನಿಂತಳು. ಇನ್ನೇನು ಅಳುತ್ತಾಳೆ ಎಂದು ಅಮ್ಮ ಪಾತ್ರೆ ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ಅಂದ್ರೆ ನಾನಿನ್ನೂ ಒಂದು ಮೀಟರ್ ಆಗಿಲ್ವಾ ಸರ್?"

"ಇಲ್ಲ ಕಣಮ್ಮ."

"ಪೂರ್ತಿ ಆಗಿಲ್ವಾ?"

"ಪೂರ್ತಿ ಆಗಿಲ್ಲ."

"ಆಗೋದು ಇನ್ನೂ ಬಾಕಿ ಇದೆಯಾ?"

"ಬಾಕಿ ಇದೆ."

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಹಾಗಾದ್ರೆ ಇದು ಲೆಕ್ಕಕ್ಕಿಲ್ಲ ಅಪ್ಪ. ಆದಾಗ ಇನ್ನೊಂದ್ಸಲ ಬರಬೇಕು."

ಅಪ್ಪ ನಗಲು ಹೋದ. ಅದು ನಗುವಾಗಿ ಹೊರಗೆ ಬರಲಿಲ್ಲ. ಅಜ್ಜಿ ಮೇಷ್ಟ್ರ ಕಡೆ ಬಾಗಿ, "ಚಹಾ ಆರಿಹೋಗ್ತಿದೆ, ಕುಡೀರಿ," ಎಂದಳು. ಮೇಷ್ಟ್ರು ಒಂದೇ ಗುಟುಕಿಗೆ ಕುಡಿದರು. ಬಾಗಿಲ ಹೊರಗೆ ತರಕಾರಿ ಚೀಲದವಳು, ಬಸ್ಸಿನ ಗೆರೆ ಸರಿಯಾಗಿಯೇ ಇದೆ ಎಂದು ತಾನು ಮೊದಲೇ ಹೇಳಿದ್ದೆ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಅವನು ಆ ಸಂಜೆಯೇ ಹೊರಡಬೇಕಿತ್ತು. ದೂರದ ಬಸ್ಸು ಹೊರಡುವ ನಿಲ್ದಾಣದ ತನಕ ಎಲ್ಲರೂ ಬಂದರು. ಅವನು ಹತ್ತುವಾಗ ಈ ಸಲ ಗುಂಡುಸೂಜಿ ಕಾಲು ಹಿಡಿದುಕೊಳ್ಳಲಿಲ್ಲ. ಮರದ ತುಂಡನ್ನು ಅವನಿಂದ ವಾಪಸು ಕೇಳಿ ಇಸಿದುಕೊಂಡಳು. ಬೇಕಾಗುತ್ತದೆ ಎಂದಳು. ಅಮ್ಮ ಬಸ್ಸಿನ ಕಿಟಕಿಯ ಕೆಳಗೆ ನಿಂತು ಏನೋ ಹೇಳಿದಳು; ಎಂಜಿನ್ ಸದ್ದಿನಲ್ಲಿ ಅದು ಅವನಿಗೊಬ್ಬನಿಗೇ ಕೇಳಿಸಿತು, ಅಥವಾ ಅವನಿಗೂ ಕೇಳಿಸಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಅದೇ ಕಂಡಕ್ಟರು. ಮೇಷ್ಟ್ರೂ ಅದೇ ಬಸ್ಸಿನಲ್ಲಿ ಹಿಂದೆ ನಿಂತಿದ್ದರು. ಮನೆಯಲ್ಲಿ ಬೀರು ಮತ್ತೆ ಅಲುಗುತ್ತಿತ್ತು. ಬರುವಾಗ ಏನಾದರೂ ಒಂದು ಚೂರು ತನ್ನಿ, ಈ ಸಲ ಅದರ ಮೇಲೆ ಏನೂ ಬರೆದಿರಬಾರದು ಎಂದು ಹೆಂಡತಿ ಹೇಳಿ ಕಳಿಸಿದ್ದಳು.

"ಅಜ್ಜಿ, ಎರಡು ಫುಲ್ಲು," ಎಂದ ಕಂಡಕ್ಟರು. ಆಮೇಲೆ ಗುಂಡುಸೂಜಿಯನ್ನು ನೋಡಿ, "ಒಂದು ಅರ್ಧ."

"ಬೇಡ," ಎಂದಳು ಗುಂಡುಸೂಜಿ. "ನಾನಿನ್ನೂ ಆಗಿಲ್ಲ."

ಅವಳು ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಜೇಬಿನಿಂದ ತುಂಡು ತೆಗೆದು ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ಅದರ ತುದಿ ಕೆಂಪು ಗೆರೆಯನ್ನು ಮುಟ್ಟಿತು. ಬಸ್ಸು ಒಂದು ಗುಂಡಿಗೆ ಇಳಿಯಿತು, ತುಂಡು ಬೀಳಲು ಹೋಯಿತು. ಹಿಡಿದುಕೊಂಡಳು. ಮತ್ತೆ ಇಟ್ಟಳು. ಕಂಡಕ್ಟರು ಯಂತ್ರ ಕೆಳಗಿಳಿಸಿ ನೋಡುತ್ತ ನಿಂತ. ಅಮ್ಮ ಕಿಟಕಿಯ ಹೊರಗೆ, ಬಸ್ಸು ಹೋಗುತ್ತಿದ್ದ ದಿಕ್ಕಿಗೆ ಬೆನ್ನು ಮಾಡಿ ನೋಡುತ್ತಿದ್ದಳು.

ಅಜ್ಜಿ ಎಂದಿನ ಅಭ್ಯಾಸದಂತೆ ಮೊಮ್ಮಗಳ ಭುಜದ ಮೇಲೆ ಕೈ ಇಟ್ಟಳು. ಒತ್ತಲಿಲ್ಲ. ಆ ಕೈ ಭುಜದಿಂದ ಬೆನ್ನಿಗೆ ಇಳಿದು ಅಲ್ಲೇ ನಿಂತಿತು.

"ನೆಟ್ಟಗೆ ನಿಲ್ಲೇ," ಎಂದಳು. "ಇನ್ನೂ ನೆಟ್ಟಗೆ."